ಸುಣ್ಣದ ಗೆರೆಯ ಕೆಳಗೆ

ನಾನು ಈ ಊರಿಗೆ ಸೊಸೆಯಾಗಿ ಬಂದ ಮಾರನೆಯ ಬೆಳಿಗ್ಗೆ ಅರೆದ ಚಟ್ನಿ, ಇನ್ನೇನು ಒರಳಿನಿಂದ ಬಾಚಬೇಕು ಅನ್ನುವಷ್ಟರಲ್ಲಿ, ಮತ್ತೆ ತೆಂಗಿನಕಾಯಿ ಹೋಳು, ಹಸಿಮೆಣಸಿನಕಾಯಿ, ಉಪ್ಪಿನ ಹರಳು ಆಗಿ ಕೂತಿತು. ಒರಳಿನೊಳಗೆ ನೋಡಿದೆ, ಕೈಯಲ್ಲಿದ್ದ ಗುಂಡುಕಲ್ಲು ನೋಡಿದೆ, ಆಮೇಲೆ ಕಿಟಾರನೆ ಕಿರುಚಿದೆ. ನನ್ನ ಅತ್ತೆ ಕಾಟಮ್ಮ ಒಲೆ ಮುಂದಿನಿಂದ ಏಳಲೂ ಇಲ್ಲ. ಮುದ್ದೆ ತೊಳಸುತ್ತಿದ್ದವರು ಅದನ್ನು ಪೂರ್ತಿ ತೊಳಸಿ, ಕೋಲು ಕೆಳಗಿಟ್ಟು, ಮಡಕೆಯ ಕಂಠ ಮುಟ್ಟಿ "ಆಯ್ತು" ಅಂದು, ಆಮೇಲೆ ನನ್ನ ಕಡೆ ತಿರುಗಿದರು.

"ಎಲ್ಲೋಗಿತ್ತು ಮನ್ಸು?"

"ಏನತ್ತೆ?"

"ಅರೀತಾ ಅರೀತಾ ಎಲ್ಲೋಗಿದ್ದೆ ಅಂತ ಕೇಳ್ದೆ."

ತವರಿಗೆ ಹೋಗಿದ್ದೆ. ನಾನಿಲ್ಲದೆ ನಮ್ಮ ಕೌಲು ಹಸು ಹಾಲು ಬಿಡುತ್ತದೋ ಇಲ್ಲವೋ ಅಂತ ಯೋಚನೆ ಮಾಡುತ್ತಿದ್ದೆ. ಅದನ್ನೇ ಹೇಳಿದೆ.

"ಹಂಗಾರೆ ಚಟ್ನಿನೂ ನಿನ್ ಜೊತೆ ಹೋಯ್ತು ಬಿಡು. ಮೊದ್ಲಿಂದ ಅರಿ."

ಇಷ್ಟೇ ವಿಷಯ. ನಮ್ಮ ಊರಲ್ಲಿ ಮನಸ್ಸು ಕೆಲಸ ಬಿಟ್ಟು ಎದ್ದು ಹೋದರೆ ಕೆಲಸ ಶುರುವಿಗೆ ವಾಪಸ್ ಹೋಗುತ್ತದೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ನೀರು ಯಾಕೆ ಕೆಳಕ್ಕೇ ಹರಿಯುತ್ತದೆ ಅಂತ ನಿಮ್ಮೂರಲ್ಲಿ ಯಾರಾದರೂ ಕೇಳುತ್ತಾರಾ? ಹೆಣ್ಣು ನೋಡಲು ಬಂದಾಗ ಗಂಡಿನ ಕಡೆಯವರು ಹೊಲ ಎಷ್ಟು, ಹಸು ಎಷ್ಟು, ಮನೆಗೆ ಎಷ್ಟು ಕಂಬ ಎಲ್ಲ ಹೇಳಿದರು, ಇದೊಂದು ಹೇಳಲಿಲ್ಲ. ಆಮೇಲೆ ಜಗಳ ತೆಗೆದರೆ ನನ್ನ ಗಂಡ, "ನೀವು ಕೇಳ್ಲಿಲ್ವಲ್ಲ" ಅಂದ. ಅವನ ಮಾತೇ ಹಾಗೆ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಸಣ್ಣ ಕೆಲಸ ಚಿಟಿಕೆ ಹೊಡೆಯುವಷ್ಟರಲ್ಲಿ ಹಿಂದಕ್ಕೆ ಹೋಗುತ್ತದೆ, ದೊಡ್ಡದು ನಿಧಾನಕ್ಕೆ ಹೋಗುತ್ತದೆ. ಕ್ಷೌರದ ಅಂಗಡಿಯವನು ಒಂದು ಸಲ ಬೀದಿಯಲ್ಲಿ ಹೋಗುತ್ತಿದ್ದ ಮದುವೆ ದಿಬ್ಬಣ ನೋಡುತ್ತಾ ನಿಂತ. ಮುಂದೆ ಕೂತಿದ್ದ ಮೇಷ್ಟರ ಅರ್ಧ ಬೋಳಿಸಿದ ಗಡ್ಡ ಪೂರ್ತಿ ಬಂದು ಕೂತಿತು. ಇನ್ನೊಂದು ಸಲ ನಮ್ಮ ಹಿಂದಿನ ಬೀದಿಯಲ್ಲಿ ಗೋಡೆ ಕಟ್ಟುತ್ತಿದ್ದವನೊಬ್ಬ ಕೈಯಲ್ಲಿ ಕರಣೆ ಹಿಡಿದುಕೊಂಡೇ ಭಾವಮೈದುನನ ಮೇಲೆ ಸಿಟ್ಟು ಮಾಡಿಕೊಳ್ಳುತ್ತಾ ಕೂತ. ಇಟ್ಟಿಗೆಗಳು ಒಂದೊಂದೇ ಗೋಡೆ ಇಳಿದು ಬಂದು ರಾಶಿಗೆ ಸೇರಿಕೊಂಡವು. ಇದು ಅಂತೆಕಂತೆ ಅಲ್ಲ, ನಾನೇ ಕಣ್ಣಾರೆ ಕಂಡದ್ದು. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಕೈ ಮುಗಿಯಬೇಕು ಅನ್ನಿಸಿತು. ಒಂದು ಇಟ್ಟಿಗೆಗೂ ಗೊತ್ತಾಗುತ್ತದಲ್ಲಾ ಶಿವನೇ, ತನ್ನನ್ನು ಮುಟ್ಟಿದವನು ತನ್ನ ಜೊತೆ ಇಲ್ಲ ಅಂತ!

ಹೀಗಿರುವಾಗ ಈ ಊರಿನವರು ದಿನವನ್ನೇ ಬೇರೆ ಥರ ಕಟ್ಟಿಕೊಂಡಿದ್ದಾರೆ. ಬೆಳಿಗ್ಗೆ ಎದ್ದು ಮುಖ ತೊಳೆದವರು ಹೊಸ್ತಿಲ ಮೇಲೆ ಕೂತು ಇವತ್ತಿನ ಮುಖ್ಯ ಕೆಲಸ ಯಾವುದು ಅಂತ ಬಾಯಿಬಿಟ್ಟು ಹೇಳಬೇಕು. ಒಂದೇ ಹೇಳಬೇಕು, ಎರಡು ಹೇಳಿದರೆ ಎದುರು ಮನೆಯವರು ನಗುತ್ತಾರೆ. ಕೆಲಸವನ್ನು ತುತ್ತು ಮಾಡಿಕೊಳ್ಳಬೇಕು. ತುತ್ತು ಅಂದರೆ ಮನಸ್ಸು ಒಂದೇ ಸಲಕ್ಕೆ ನುಂಗಬಲ್ಲಷ್ಟು ಕೆಲಸ. ಅದಕ್ಕೆ ಅಳತೆ ಊದುಬತ್ತಿ. ಅವರವರ ಮನಸ್ಸು ನಿಲ್ಲುವಷ್ಟು ಹೊತ್ತು ಉರಿಯುವ ಹಾಗೆ ಕಡ್ಡಿ ಮುರಿದು ಪಕ್ಕದಲ್ಲಿ ಹಚ್ಚಿಟ್ಟುಕೊಳ್ಳುತ್ತಾರೆ. ಕಡ್ಡಿ ಮುಗಿಯುವುದರೊಳಗೆ ತುತ್ತು ಮುಗಿಸಿ, ಮುಟ್ಟಿ "ಆಯ್ತು" ಅಂದರೆ ಆಯಿತು, ಅಷ್ಟು ಕೆಲಸ ಇನ್ನು ಹಿಂದಕ್ಕೆ ಹೋಗುವುದಿಲ್ಲ. ಆಮೇಲೆ ಎದ್ದು ಒಂದು ಲೋಟ ನೀರು ಕುಡಿದು, ಕಣ್ಣು ತಂಪಾಗುವಷ್ಟು ಹೊತ್ತು ದೂರದ ಗುಡ್ಡ ನೋಡಿ ಬಂದು ಮುಂದಿನ ತುತ್ತಿಗೆ ಕೂರುವುದು. "ಆಯ್ತು" ಅನ್ನುವುದನ್ನು ಮಾಡಿದವರೇ ಅನ್ನಬೇಕು, ಮುಗಿದ ಮೇಲೆಯೇ ಅನ್ನಬೇಕು. ಸುಳ್ಳು "ಆಯ್ತು" ನಿಲ್ಲುವುದಿಲ್ಲ. ನಾನು ಎಷ್ಟೋ ಸಲ ಪರೀಕ್ಷೆ ಮಾಡಿ ನೋಡಿದ್ದೇನೆ.

ಬಾಗಿಲ ಪಕ್ಕದ ಗೋಡೆಯಲ್ಲಿ ದೀಪದ ಗೂಡಿನಂಥದೇ ಇನ್ನೊಂದು ಗೂಡು ಇರುತ್ತದೆ, ಚಿಂತೆಯ ಗೂಡು. ಕೆಲಸಕ್ಕೆ ಹೊರಡುವವರು ಅದರೊಳಗೆ ಬಾಯಿಟ್ಟು ತಮ್ಮ ಚಿಂತೆ ಹೇಳಿ, "ಸಂಜೆ ಬಂದು ತಗೋತೀನಿ" ಅಂದು ಹೋಗುತ್ತಾರೆ. ಸಂಜೆ ಬಂದು ನಿಜವಾಗಿಯೂ ಗೂಡಿನ ಮುಂದೆ ಕೂತು ಚಿಂತೆ ಮಾಡುತ್ತಾರೆ, ಅದಕ್ಕೂ ಒಂದು ಕಡ್ಡಿ. ನೆಂಟರು ಬಂದರೆ ಅವರ ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತೇವೆ. ಊರಿಗೆ ಸಿಗ್ನಲ್ ಇಲ್ಲ, ಆದರೂ ಸುಮ್ಮಸುಮ್ಮನೆ ತೆಗೆದು ನೋಡುತ್ತಿರುತ್ತಾರೆ, ಅವರ ಪಕ್ಕದಲ್ಲಿ ದೋಸೆ ಹುಯ್ಯುವವರ ಗತಿ ಏನಾಗಬೇಕು? ತೀರ ಅನಿವಾರ್ಯ ಆಗಿ ಎದ್ದು ಹೋಗಬೇಕಾದರೆ ಪಕ್ಕದವರಿಗೆ "ಸ್ವಲ್ಪ ನೋಡ್ಕೊಳ್ಳಿ" ಅಂದು ಹೋಗಬಹುದು. ಬೇರೆ ಊರಲ್ಲಿ ಆ ಮಾತಿಗೆ ತೂಕವಿಲ್ಲ. ಇಲ್ಲಿ ನೋಡಿಕೊಳ್ಳುತ್ತೇನೆ ಅಂದವರು ಕಣ್ಣು, ಕಿವಿ, ಮನಸ್ಸು ಎಲ್ಲ ಅಲ್ಲಿಡುತ್ತಾರೆ, ನಾವು ಬರುವವರೆಗೂ ಕೆಲಸ ಇದ್ದಲ್ಲೇ ಇರುತ್ತದೆ.

ನನಗೋ ಈ ಶಾಸ್ತ್ರವೆಲ್ಲ ಕಂಡರೆ ಆಗುತ್ತಿರಲಿಲ್ಲ. ನನಗೆ ಮನಸ್ಸಿಲ್ಲ ಅಂತಲ್ಲ, ಐದಾರು ಇವೆ, ಒಂದೊಂದೂ ಒಂದೊಂದು ದಿಕ್ಕಿಗೆ ಹೋಗುತ್ತವೆ. ಮೂರು ವರ್ಷವಾದರೂ ನನ್ನ ಕಡ್ಡಿ ಹೆಬ್ಬೆರಳಿನ ಉದ್ದ ದಾಟಿರಲಿಲ್ಲ. ಅಂಗನವಾಡಿ ಮಕ್ಕಳ ಕಡ್ಡಿ ನನ್ನದಕ್ಕಿಂತ ಉದ್ದ. ನನ್ನ ಅತ್ತೆಯದು ಇಡೀ ಒಂದು ಕಡ್ಡಿ, ಊರಲ್ಲಿ ಅಂಥವರು ಇನ್ನೊಬ್ಬರಿಲ್ಲ. ಅವರು ಅಕ್ಕಿ ಆರಿಸುತ್ತಾ ಕೂತರೆ ಬೀದಿಯಲ್ಲಿ ಹೋಗುವವರು ಮಾತು ತಗ್ಗಿಸುತ್ತಿದ್ದರು. ಒಂದು ದಿನ ಅವರು ಹಾಗೆ ಕೂತಿದ್ದಾಗ ನಡುಮನೆಗೆ ಹಾವು ಬಂತು. ನಾನು ಅಟ್ಟದ ಏಣಿ ಹತ್ತಿ ಊರೆಲ್ಲ ಕೇಳುವ ಹಾಗೆ ಕೂಗುತ್ತಿದ್ದೇನೆ. ಹಾವು ಅವರ ಕಾಲಿನ ಪಕ್ಕದಲ್ಲೇ ಹಾದು ಹಿತ್ತಲಿಗೆ ಹೋಯಿತು. ಅವರು ಮೊರದ ಕೊನೆಯ ಕಾಳು ಆರಿಸಿ, "ಆಯ್ತು" ಅಂದು, ಆಮೇಲೆ ಕಾಲು ಮೇಲಕ್ಕೆ ತಗೊಂಡು, "ಏನೇ ಅದು ಬಂದಿದ್ದು?" ಅಂದರು. ನಗಬೇಕೋ ನಮಸ್ಕಾರ ಮಾಡಬೇಕೋ ನೀವೇ ಹೇಳಿ.

"ಹಿಂಗೆ ಚೆಲ್ಲಾಡ್ಕೊಂಡಿದ್ರೆ ಹೆಂಗೆ ಬಾಳ್ತೀಯೆ ದೇವೀರಿ?" ಅಂತ ದಿನಕ್ಕೊಂದು ಸಲವಾದರೂ ನನಗೆ ಅನ್ನುತ್ತಿದ್ದರು. ದೇವೀರಿ ನನ್ನ ಹೆಸರು. "ಬಾಳ್ತಾ ಇದೀನಲ್ಲತ್ತೆ" ಅಂತ ನಾನೂ ಬಿಡುತ್ತಿರಲಿಲ್ಲ.

ನನ್ನ ಗಂಡ ಮುದ್ದಯ್ಯ ಬಾವಿ ತೋಡುವವನು. ಬೇರೆ ಕಡೆ ಬಾವಿ ತೋಡುವುದು ಕಷ್ಟದ ಕೆಲಸ, ಇಲ್ಲಿ ಪ್ರಾಣದ ಕೆಲಸ. ಮನಸ್ಸು ಜಾರಿದರೆ ತೋಡಿದ ಮಣ್ಣೆಲ್ಲ ವಾಪಸ್ ಬರುತ್ತದೆ, ತೋಡುವವನು ಒಳಗೇ ಇರುತ್ತಾನೆ. ಅದಕ್ಕೇ ಬಾವಿಯವರ ಪದ್ಧತಿ ಬಲು ಕಟ್ಟುನಿಟ್ಟು. ಒಂದು ಮೊಳ ಅಗೆದರೆ ನಿಲ್ಲಿಸಿ, ಗೋಡೆ ತಟ್ಟಿ, ಸುತ್ತ ಒಂದು ಸುಣ್ಣದ ಗೆರೆ ಎಳೆದು, ಗೆರೆ ಮುಟ್ಟಿ "ಆಯ್ತು" ಅನ್ನಬೇಕು. ಅಷ್ಟು ಮೊಳ ಇನ್ನು ಕಲ್ಲಿನ ಹಾಗೆ. ಮೇಲಿನಿಂದ ಬಗ್ಗಿ ನೋಡಿದರೆ ಬಾವಿಯ ಒಳಗೆ ಬಿಳಿ ಬಳೆ ತೊಡಿಸಿದಂತೆ ಗೆರೆಗಳು ಕಾಣುತ್ತವೆ. ಕೊನೆಯ ಗೆರೆಯ ಕೆಳಗೆ ಇರುವುದು ಮಾತ್ರ ಇನ್ನೂ ಯಾರದೂ ಅಲ್ಲದ ಜಾಗ.

ಮದುವೆಯಾದ ಮೂರನೆಯ ವರ್ಷ, ಒಂದು ದಿನ ಅವನು ಶಾಲೆಯ ಹಿಂದಿನ ಬಯಲಲ್ಲಿ ಬಾವಿ ತೋಡುತ್ತಿದ್ದ. ಬೆಳಿಗ್ಗೆ ನಾನು ಜಗಳ ತೆಗೆದೆ. ನನ್ನ ತಂಗಿಯ ಮಗುವಿನ ನಾಮಕರಣ ಮಾರನೆಯ ದಿನ ಇತ್ತು, ಮೂರು ಗಂಟೆಯ ಬಸ್ಸಿಗೆ ಹೊರಡಬೇಕಿತ್ತು. "ಮೂರು ಗಂಟೆ ಅಂದ್ರೆ ಮೂರು ಗಂಟೆ. ಬಾವಿ ಎಲ್ಲಿಗೂ ಓಡಿಹೋಗಲ್ಲ. ನೀವು ಬರದಿದ್ರೆ ನಾನೊಬ್ಳೇ ಹೋಗ್ತೀನಿ, ಆಮೇಲೆ ವಾಪಸ್ ಬರೋದನ್ನ ಯೋಚನೆ ಮಾಡ್ತೀನಿ" ಅಂದೆ.  ಅವನು ಚಿಂತೆಯ ಗೂಡಿನ ಮುಂದೆ ನಿಲ್ಲದೆ ಪಿಕಾಸಿ ಹೆಗಲಿಗೇರಿಸಿಕೊಂಡು ಹೋದ. ನಾನು ನೋಡಿದೆ, ಕರೆಯಲಿಲ್ಲ.

ಹನ್ನೆರಡೂವರೆಗೆ ಬುತ್ತಿ ತಗೊಂಡು ಹೋದೆ. ಅವನ ಜೊತೆಗಾರ ಗುರುಸಿದ್ದ ರಾಟೆಯ ಪಕ್ಕ ನಿಂತು ಮಣ್ಣು ತುಂಬಿದ ಬಾನಿ ಎಳೆಯುತ್ತಿದ್ದ. ಮೂರು ಮಕ್ಕಳ ತಂದೆ, ನನ್ನನ್ನು ಅಕ್ಕ ಅನ್ನುವವನು. ಬಗ್ಗಿ ನೋಡಿದೆ. ಬಿಳಿ ಗೆರೆಗಳು ಇಳಿದುಕೊಂಡು ಹೋಗಿ ಒಂದು ಕಡೆ ನಿಂತುಬಿಟ್ಟಿದ್ದವು. ಅದರ ಕೆಳಗೆ ಬರೀ ಕೆಂಪು ಮಣ್ಣು, ಎರಡಾಳುದ್ದ. 

"ರೀ! ಗೆರೆ ಯಾಕ್ರೀ ಎಳೆದಿಲ್ಲ?"

"ನೀರಿನ ತಂಪು ತಾಕ್ತಾ ಐತೆ ಕಣೆ," ಕೆಳಗಿನಿಂದ ಅವನ ದನಿ ಬಂತು. "ಇನ್ನೊಂದು ಮೊಳ. ಆಮೇಲೆ ಒಟ್ಟಿಗೆ ಎಳೀತೀನಿ. ನಿನ್ ಬಸ್ಸು ತಪ್ಪೋದು ಬ್ಯಾಡ."

ನಾನು ಬೈಯಲು ಬಾಯಿ ತೆಗೆದೆ. ಅಷ್ಟರಲ್ಲಿ ಮೇಲೆ ಬರುತ್ತಿದ್ದ ಬಾನಿಯ ಅಂಚಿನಿಂದ ಒಂದು ಕಲ್ಲು ಜಾರಿತು. ಅದು ಬೀಳುವ ಸದ್ದು ಕೇಳಿಸಲಿಲ್ಲ. ಕೇಳಿಸಿದ್ದು ಅವನ "ಹಾ" ಒಂದೇ. ಆಮೇಲೆ ಏನೂ ಇಲ್ಲ.

ಗುರುಸಿದ್ದ "ಅಣ್ಣಾ" ಅಂತ ಕೂಗಿದ. ನನ್ನ ಕಾಲಿನ ಪಕ್ಕ ಏನೋ ಅಲುಗಿತು. ಬಾವಿಯ ಪಕ್ಕದಲ್ಲಿ ಗುಡ್ಡೆ ಹಾಕಿದ್ದ ಮಣ್ಣು ಎದ್ದು ನಡೆಯುತ್ತಿತ್ತು. ಹೆಂಟೆ ಹೆಂಟೆಯಾಗಿ, ಇರುವೆಯ ಸಾಲಿನ ಹಾಗೆ, ಆತುರವಿಲ್ಲದೆ ಬಾವಿಯ ಬಾಯಿಗೆ ಬಂದು ಒಳಕ್ಕೆ ಇಳಿಯುತ್ತಿತ್ತು. ಅವನಿಗೆ ಪ್ರಜ್ಞೆ ತಪ್ಪಿದೆ, ಕೆಲಸವನ್ನು ಹಿಡಿದುಕೊಂಡಿರುವ ಮನಸ್ಸು ಇಲ್ಲ, ಗೆರೆಯ ಕೆಳಗಿನದೆಲ್ಲ ವಾಪಸ್ ಹೊರಟಿದೆ ಅಂತ ನನಗೆ ಅರ್ಥವಾಯಿತು.

"ಅಕ್ಕಾ, ನೋಡ್ಕೊ! ನಾನು ಜನ ಕರ್ಕೊಂಬತ್ತೀನಿ!"

"ನಾನು ಓಡ್ತೀನಿ, ನೀನು ನೋಡ್ಕೊಳೋ! ನನ್ ಕೈಲಿ ಆಗಲ್ಲ ಕಣೋ ಗುರುಸಿದ್ದ!"

ಅವನಾಗಲೇ ಶಾಲೆ ದಾಟಿದ್ದ. ಊರಿನ ಅತಿ ಚಿಕ್ಕ ಕಡ್ಡಿಯವಳ ಕೈಯಲ್ಲಿ ಬಾವಿ ಕೊಟ್ಟು ಹೋಗಿದ್ದ.

ಬಾವಿಯ ಬಾಯಲ್ಲಿ ಬೋರಲು ಬಿದ್ದೆ. ಬಾವಿ, ಬಾವಿ, ಬಾವಿ ಅಂದುಕೊಂಡೆ. ಮಣ್ಣು ನಿಂತಿತು. ನಿಂತಿತಲ್ಲ ಅಂದುಕೊಂಡ ಕೂಡಲೆ ಮತ್ತೆ ಹೊರಟಿತು. ಯಾಕೆಂದರೆ ಅಷ್ಟರಲ್ಲಿ ನಾನು ಬೆಳಗಿನ ಜಗಳಕ್ಕೆ ಹೋಗಿಬಿಟ್ಟಿದ್ದೆ, ನನ್ನಿಂದಲೇ ಆಯಿತು, ನನ್ನ ಹಾಳು ಬಸ್ಸಿನಿಂದಲೇ ಆಯಿತು ಅಂತ ಎದೆ ಬಡಿದುಕೊಳ್ಳುತ್ತಿದ್ದೆ. ಕೆಳಗೆ ಮಣ್ಣು ಧೊಪ್ಪನೆ ಬಿತ್ತು. ತಪ್ಪಿಗೆ ಅಳುವುದೂ ಕೆಲಸ ಬಿಟ್ಟು ಹೋದ ಹಾಗೇ ಅಂತ ನನಗೆ ಅವತ್ತೇ ಗೊತ್ತಾದದ್ದು. ಗೂಡು ಎಲ್ಲಿತ್ತು ಅಲ್ಲಿ? ಪಕ್ಕದಲ್ಲಿದ್ದ ಬುತ್ತಿಯ ಪಾತ್ರೆಗೆ ಬಾಯಿ ತಾಕಿಸಿ, "ನಾನೇ ಕೊಂದೆ ಅಂತ ಸಂಜೆ ಅಳ್ತೀನಿ, ಈಗಲ್ಲ" ಅಂದೆ. ಅಂದು ಬಾವಿಗೆ ತಿರುಗಿದೆ.

ಇಡೀ ಬಾವಿ ನನ್ನ ಮನಸ್ಸಿಗೆ ದೊಡ್ಡದು. ನನ್ನದು ಹೆಬ್ಬೆರಳಿನಷ್ಟು. ಹಾಗಾಗಿ ಕೊನೆಯ ಗೆರೆಯ ಕೆಳಗೆ ಗೋಡೆಯಿಂದ ಹೊರಗೆ ಬಂದಿದ್ದ ಒಂದು ಬೇರು ಹಿಡಿದೆ. ಅದೊಂದನ್ನೇ ನೋಡಿದೆ. ಅದರ ತುದಿಯಲ್ಲಿ ಕೂದಲಿನಂಥ ಇನ್ನೊಂದು ಬೇರು, ಅದಕ್ಕೆ ಅಂಟಿದ ಸಾಸಿವೆಯಷ್ಟು ಮಣ್ಣು. ಮನಸ್ಸು ಕೆಲಸದ ಯಾವ ಮೂಲೆಯಲ್ಲಿದ್ದರೂ ಕೆಲಸದಲ್ಲೇ ಇದ್ದ ಹಾಗೆ, ಮಣ್ಣು ಅಲುಗಲಿಲ್ಲ. ಬೇರು ಸಾಕಾದಾಗ ಪಕ್ಕದ ಗೇಣಿಗೆ ಹೋದೆ. ಅಲ್ಲಿ ಕಾಗೆಬಂಗಾರದ ಚೂರು ಮಿಣ್ಣಗೆ ಹೊಳೆಯುತ್ತಿತ್ತು. ಅದರ ಕೆಳಗೆ ಮಣ್ಣು ಕೆಂಪಿನಿಂದ ಕಂದಾಗಿ, ಕಂದಿನಿಂದ ಬೂದಿಯಾಗಿ ಪದರ ಪದರ ಇಳಿದಿತ್ತು. ಒಂದು ಎರೆಹುಳ ಅರ್ಧ ಹೊರಗೆ ಬಂದು ಎಲ್ಲಿದ್ದೇನೆ ಅಂತ ತಿಳಿಯದೆ ತಲೆ ಆಡಿಸುತ್ತಿತ್ತು. ಅಯ್ಯೋ, ಒಂದು ಗೇಣು ಮಣ್ಣಿನಲ್ಲಿ ಇಷ್ಟೆಲ್ಲ ಇದೆಯೇ! ಮೂವತ್ತು ವರ್ಷ ಇದರ ಮೇಲೇ ಓಡಾಡಿದ್ದೇನೆ, ಒಂದು ದಿನವೂ ನೋಡಿರಲಿಲ್ಲ. ಗಂಡ ಕೆಳಗೆ ಸಾಯುತ್ತಿರುವಾಗ ಇದೇನು ಹುಚ್ಚು ಅನ್ನುತ್ತೀರಿ. ಆದರೆ ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಮೈ ಜುಮ್ಮೆಂದಿತು, ದೇವರ ಗುಡಿಯಲ್ಲೂ ಹಾಗೆ ಆಗಿರಲಿಲ್ಲ.

ಜನ ಬಂದ ಸದ್ದಾಯಿತು. ಯಾರೋ ಅತ್ತರು, ಯಾರೋ ಅವರನ್ನು ಗದರಿಸಿದರು. ನನ್ನ ಬೆನ್ನ ಹಿಂದೆ ಯಾರೋ ಬಂದು ಕೂತರು. ವಾಸನೆಯಲ್ಲೇ ಗೊತ್ತಾಯಿತು, ಹೊಗೆ, ಹರಳೆಣ್ಣೆ, ಎಲೆಅಡಿಕೆ. ಕಾಟಮ್ಮ.

ನನಗೆ ಜೀವ ಬಂತು. "ಅತ್ತೆ, ಬಂದ್ರಾ? ನೀವು ನೋಡ್ಕೊಳ್ಳಿ. ನನ್ ಕೈಲಿ ಆಗಲ್ಲ, ನೀವು ತಗೊಳ್ಳಿ."

 ಅವರು ಅಕ್ಕಿ ಆರಿಸುವಾಗಿನ ಅದೇ ದನಿಯಲ್ಲಿ, "ಒಳಗೆ ಜೀವ ಇರೋವಾಗ ಕೈ ಬದ್ಲಾಯ್ಸಬಾರ್ದು," ಅಂದರು. "ಬದ್ಲಾಗೋ ಗಳಿಗೇಲಿ ಬಾವಿ ಯಾರದ್ದೂ ಅಲ್ದಂಗಾಗ್ತದೆ. ನಿನ್ ಕೈಲೇ ಇರ್ಲಿ."

"ನನ್ ಕಡ್ಡಿ ಇಷ್ಟೇ ಅತ್ತೆ."

"ಇಷ್ಟೇ ಸಾಕು. ಒಂದು ಉಸ್ರು ನೋಡು. ಆಮ್ಯಾಕೆ ಇನ್ನೊಂದು."

ಗುರುಸಿದ್ದ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಅವನು ನನ್ನ ಬೇರಿನ ಪಕ್ಕ, ನನ್ನ ಹೊಳೆಯುವ ಚೂರಿನ ಪಕ್ಕ ಹಾದು ಹೋದದ್ದು ಕಂಡೆ, ಅಷ್ಟೇ. ನನ್ನ ಗಂಡ ಎದೆಯವರೆಗೂ ಹೂತುಹೋಗಿದ್ದನಂತೆ. ಗುರುಸಿದ್ದ ಕೈಯಲ್ಲೇ ಮಣ್ಣು ಬಗೆದು ಬಾನಿಗೆ ತುಂಬಬೇಕು, ಮೇಲಿನವರು ಎಳೆಯಬೇಕು. ಪಿಕಾಸಿ ಹಾಕುವ ಹಾಗಿಲ್ಲ, ಎಲ್ಲಿ ಮಣ್ಣು, ಎಲ್ಲಿ ಮೈ ಅಂತ ಕಾಣುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅವನು ಕೂಗಿದ, "ಉಸಿರೈತೆ! ಅಣ್ಣಂಗೆ ಉಸಿರೈತೆ!"

ಎಲ್ಲರೂ ಹೋ ಅಂದರು. ನಾನೂ ಅಂದೆ. ಅಂದವಳ ಮನಸ್ಸು ಹಗ್ಗವಿಲ್ಲದೆ ಸರ್ರನೆ ಕೆಳಕ್ಕಿಳಿದು ಅವನ ಮುಖದ ಹತ್ತಿರ ಹೋಯಿತು. ರಾಶಿಯ ಮಣ್ಣು ಎರಡೂ ಕಡೆಯಿಂದ ನುಗ್ಗಿತು. ಕೆಳಗೆ ಗುರುಸಿದ್ದ, "ಅಕ್ಕಾ! ನನ್ ಮಂಡಿವರ್ಗೂ ಬಂತು!" ಅಂತ ಅರಚಿದ.

"ಸಂತೋಷ ಆಮ್ಯಾಕೆ," ಅಂದರು ಕಾಟಮ್ಮ ಹಿಂದಿನಿಂದ, ಒಂದು ಚೂರೂ ಏರಿಳಿಯದ ದನಿಯಲ್ಲಿ. "ಎರೆಹುಳ ಎಲ್ಲೈತೆ ಹೇಳು."

"ಗೆರೆಯಿಂದ ಎರಡು ಗೇಣು ಕೆಳಗೆ ಅತ್ತೆ."

"ತಲೆ ಯಾವ ಕಡಿಕೆ?"

"ಶಾಲೆ ಕಡೆಗೆ."

"ನೋಡ್ತಾ ಇರು."

ಮಣ್ಣು ನಿಂತಿತು. ಹಾಗೆ ಎಷ್ಟು ಸಲ ಆಯಿತೋ ಲೆಕ್ಕವಿಲ್ಲ. ನನ್ನ ಮನಸ್ಸು ಎದ್ದು ಹೊರಟಾಗೆಲ್ಲ, ಅದು ಬಾಗಿಲು ದಾಟುವ ಮೊದಲೇ ಆ ದನಿ ಒಂದು ಸಣ್ಣ ಪ್ರಶ್ನೆ ಕೇಳಿ ಕೂರಿಸುತ್ತಿತ್ತು. ಬೇರು ಎಷ್ಟು ಉದ್ದ, ಮೂರನೆಯ ಪದರ ಯಾವ ಬಣ್ಣ, ತೇವ ಎಲ್ಲಿಂದ ಶುರು. ಬಾಯಿ ಒಣಗಿದಾಗ ಹಿಂದಿನಿಂದ ಒದ್ದೆ ಬಟ್ಟೆ ತುಟಿಗೆ ತಾಕುತ್ತಿತ್ತು. ಬಿಸಿಲು ಬೆನ್ನಿನಿಂದ ಪಕ್ಕೆಗೆ ಸರಿದಾಗ ಯಾರೋ ಕಂಬಳಿ ಅಡ್ಡ ಹಿಡಿದರು. ಶಾಲೆಯ ಗಂಟೆ ಹೊಡೆಯಿತು. ಎರಡು ಮೂರು ಕೇರಿಯ ಜನ ಸೇರಿದ್ದರಂತೆ, ಒಬ್ಬರೂ ಕೆಮ್ಮಲಿಲ್ಲ. ಮೂರು ಗಂಟೆಯ ಬಸ್ಸು ಬಂದು ಹೋಯಿತಂತೆ, ನನಗೆ ಕೇಳಿಸಲೇ ಇಲ್ಲ.

ಹೊತ್ತು ಇಳಿಯುವಾಗ ಅವನ ಕಾಲು ಬಿಡಿಸಿದರು. ಗುರುಸಿದ್ದ ಅವನ ಎದೆಗೆ ಹಗ್ಗ ಸುತ್ತಿ ಎಳೆಯಿರಿ ಅಂದ. ರಾಟೆ ಕಿರುಗುಟ್ಟಿತು. ನನಗೆ ಗೊತ್ತು, ಈಗ ಬರುತ್ತಾನೆ, ನನ್ನ ಮುಖದ ಮುಂದೆಯೇ ಹಾದು ಹೋಗುತ್ತಾನೆ.

"ನೋಡ್ಬ್ಯಾಡ," ಅಂದರು ಕಾಟಮ್ಮ. "ಗುರುಸಿದ್ದ ಇನ್ನೂ ಒಳಗವ್ನೆ. ಅವ್ನಿಗೂ ಮನೇಲಿ ಮೂರು ಮಕ್ಳವೆ."

ನನ್ನ ಗಂಡ ಮೇಲೆ ಬಂದ. ತೂಗಾಡುತ್ತಿದ್ದ ಅವನ ಕೈ ನನ್ನ ಕೆನ್ನೆಗೆ ತಾಕಿಕೊಂಡು ಹೋಯಿತು, ಹಸಿ ಮಣ್ಣು ಮೆತ್ತಿದ, ತಣ್ಣಗಿನ ಕೈ. ಅದು ಜೀವ ಇರುವ ಕೈಯೋ ಇಲ್ಲದ ಕೈಯೋ ನನಗೆ ತಿಳಿಯಲಿಲ್ಲ. ನಾನು ಬೇರು ನೋಡಿದೆ. ಬೇರಿನ ತುದಿಯ ಕೂದಲು ನೋಡಿದೆ. ಅದಕ್ಕೆ ಅಂಟಿದ ಮಣ್ಣು ನೋಡಿದೆ. ನನ್ನ ಬದುಕಿನಲ್ಲಿ ಅಷ್ಟು ಗಟ್ಟಿಯಾಗಿ ನಾನು ಏನನ್ನೂ ನೋಡಿಲ್ಲ, ಇನ್ನು ಮುಂದೆಯೂ ನೋಡಲಾರೆ. ಹಗ್ಗ ಮತ್ತೆ ಇಳಿಯಿತು. ಮತ್ತೆ ರಾಟೆ ಕಿರುಗುಟ್ಟಿತು. ಗುರುಸಿದ್ದ ಅಂಚು ಹಿಡಿದು ಹತ್ತಿ ನನ್ನ ಪಕ್ಕದಲ್ಲೇ ಮಗುಚಿಕೊಂಡು ಬಿದ್ದ.

"ಬಿಡು," ಅಂದರು ಕಾಟಮ್ಮ.

ಬಿಡಲು ಬರಲಿಲ್ಲ. ಹೇಗೆ ಬಿಡುವುದು ಅಂತ ಮರೆತುಹೋಗಿತ್ತು. ಕೊನೆಗೆ ಅವರು ಹಿಂದಿನಿಂದ ಅಂಗೈಯಿಂದ ನನ್ನ ಕಣ್ಣು ಮುಚ್ಚಿದರು. ಆಗ ಸದ್ದಾಯಿತು. ರಾಶಿಗೆ ರಾಶಿಯೇ ಎದ್ದು ಹೋಗಿ ಒಳಕ್ಕೆ ಧುಮುಕಿತು, ನೆಲ ಅದುರಿತು, ತಣ್ಣನೆಯ ಗಾಳಿ ಒಂದು ನಿಟ್ಟುಸಿರಿನ ಹಾಗೆ ಮೇಲಕ್ಕೆ ಬಂದು ಮುಖಕ್ಕೆ ಬಡಿಯಿತು. ಕಣ್ಣು ಬಿಟ್ಟರೆ ಕೊನೆಯ ಸುಣ್ಣದ ಗೆರೆಗೆ ಸರಿಯಾಗಿ ಮಣ್ಣು ನಿಂತಿತ್ತು. ನನ್ನ ಬೇರು, ನನ್ನ ಎರೆಹುಳ, ಎಲ್ಲ ಹೋಗಿದ್ದವು.

ಅವನನ್ನು ಕೆಳಗಿನ ಊರಿನ ಡಾಕ್ಟರ ಹತ್ತಿರ ಕರೆದೊಯ್ಯಲು ಗಾಡಿಯಲ್ಲಿ ಮಲಗಿಸುತ್ತಿದ್ದರು. ಓಡಿ ಹೋದೆ. ತಲೆಗೆ ಬಟ್ಟೆ ಕಟ್ಟಿದ್ದರು, ಕಾಲು ಮುರಿದಿತ್ತು, ಕಣ್ಣು ಅರ್ಧ ತೆರೆದಿತ್ತು. ನನ್ನನ್ನು ನೋಡಿ, "ಬಸ್ಸು?" ಅಂದ.

"ನಿಮ್ ಬಾಯಿಗೆ ಮಣ್ ಹಾಕ," ಅಂದೆ. ಅಂದವಳಿಗೆ ಏನಂದೆ ಅಂತ ಹೊಳೆದು ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಡಾಕ್ಟರ ಹತ್ತಿರ ಹೋದ ಮೇಲೆ ಪ್ರಾಣಕ್ಕೇನೂ ಅಪಾಯವಿಲ್ಲ ಅಂತ ಗೊತ್ತಾಯಿತು. ಆದರೆ ಅದಕ್ಕೆ ಮೊದಲು ನಡೆದದ್ದು ಹೇಳಬೇಕು.

ಗಾಡಿ ಹತ್ತುವ ಮುಂಚೆ ಅತ್ತೆಯನ್ನು ಕರೆಯಲು ತಿರುಗಿದೆ. ಮಗನನ್ನು ನೋಡಲು ಅವರು ಎದ್ದು ಬಂದೇ ಇರಲಿಲ್ಲ. ಬಾವಿಯ ಅಂಚಿನಲ್ಲಿ, ನಾನು ಬಿದ್ದುಕೊಂಡಿದ್ದ ಜಾಗದ ಹಿಂದೆ ಹಾಗೇ ಕೂತಿದ್ದರು. ಹತ್ತಿರ ಹೋದೆ.

"ಏಳಿ ಅತ್ತೆ, ನಿಮ್ಮ ಮಗ ಮಾತಾಡ್ತಾವ್ನೆ. ಆದ್ರೂ ನೀವು ತಗೋಬೋದಿತ್ತು. ಊರಿಗೆಲ್ಲ ಗಟ್ಟಿ ಮನ್ಸು ನಿಮ್ದು. ನನ್ ಕೈಲಿ ಬಿಟ್ರಲ್ಲ, ನಾನು ಕೊಂದುಬಿಟ್ಟಿದ್ರೆ?"

"ನಾನು ತಗೊಂಡಿದ್ರೆ ಸತ್ತೇ ಹೋಗ್ತಿದ್ದ," ಅಂದರು.

"ಕೈ ಬದ್ಲಾಯ್ಸಬಾರ್ದು ಅಂದ್ರಲ್ಲ, ಅದಕ್ಕಾ?"

"ಅದು ಸುಳ್ಳು ಕಣೆ. ಬದ್ಲಾಯ್ಸಬೋದಿತ್ತು." ತಲೆ ಎತ್ತದೆ ಹೇಳಿದರು. "ಗುರುಸಿದ್ದ ಬಂದು ಹೇಳ್ದಾಗ್ಲೇ ನನ್ ಮನ್ಸು ಹೋಗಿ ಬಾವಿ ತಳದಾಗೆ ಅವ್ನ ಪಕ್ಕ ಕೂತ್ಕೊಂಬುಡ್ತು. ಎಷ್ಟು ಕರುದ್ರೂ ಬರ್ನಿಲ್ಲ. ನನ್ಗೆ ಬಾವಿ ಕಾಣ್ತಾನೇ ಇರ್ನಿಲ್ಲ ದೇವೀರಿ. ಅವ್ನೊಬ್ನೇ ಕಾಣ್ತಿದ್ದ. ಬ್ಯಾರೆಯವ್ರ ಕೈಗೆ ಕೊಡ್ಸಾಕೂ ಧೈರ್ಯ ಬರ್ನಿಲ್ಲ, ನಿನ್ ಕೈಲಿ ಮಣ್ಣು ನಿಂತಿತ್ತಲ್ಲ. ಹೇಳುದ್ರೆ ನೀನು ಹೆದ್ರಿ ಬಿಟ್ಬುಡ್ತಿದ್ದೆ. ಅದ್ಕೆ ಒಂದು ಸುಳ್ಳು ಹೇಳ್ದೆ."

ಆಗ ಅವರ ಮಡಿಲು ಕಂಡಿತು. ಸೀರೆಯ ಸೆರಗು ಅರ್ಧ ಇರಲಿಲ್ಲ. ಮೊಳಕ್ಕೂ ಹೆಚ್ಚು ಬಟ್ಟೆಯನ್ನು ಎಳೆ ಎಳೆಯಾಗಿ ಕಿತ್ತು ಮಡಿಲ ತುಂಬ ಹಾಕಿಕೊಂಡಿದ್ದರು. ಉಗುರಿನ ಸಂದಿಯಲ್ಲಿ ರಕ್ತವಿತ್ತು. ಐದು ಗಂಟೆಗೂ ಹೆಚ್ಚು ಹೊತ್ತು ನನ್ನ ಬೆನ್ನ ಹಿಂದೆ ಕೂತು, ಬೇರು ಎಷ್ಟು ಉದ್ದ, ಹುಳದ ತಲೆ ಯಾವ ಕಡೆ ಅಂತ ಕೇಳುತ್ತಿದ್ದಾಗ ಅವರ ಕೈಗಳು ಅದನ್ನು ಮಾಡುತ್ತಿದ್ದವು. ಆ ದನಿಯಲ್ಲಿ ಒಂದು ನಡುಕವೂ ನನಗೆ ಕೇಳಿಸಿರಲಿಲ್ಲ.

ನಾನು ಅವರ ಮುಂದೆ ಕುಕ್ಕರಿಸಿ ಕೂತು ಆ ಎಳೆಗಳನ್ನೆಲ್ಲ ಬಾಚಿ ನನ್ನ ಮಡಿಲಿಗೆ ಹಾಕಿಕೊಂಡೆ. ಅವರು ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ಗಾಡಿಯವನು ಹೊತ್ತಾಯಿತು ಅಂತ ಕೂಗಿದ. ನಾವಿಬ್ಬರೂ ಏಳಲಿಲ್ಲ, ಊರಿನ ಜನರ ಮುಂದೆ, ಒಂದೇ ದನಿಯಲ್ಲಿ ಅತ್ತೆವು.